ಗುಳಗಿ ಲಾಗೂ ಆಗದ ಮೈ

ಒಬ್ಬರಿಗೆ ಎರಡನೆಯ ಸಲ ಹಾರ್ಟ್ ಅಟ್ಯಾಕ್ ಆದರೆ ನಮ್ಮ ಕಡೆ ಎರಡು ಮಾತು ಹುಟ್ಟುತ್ತವೆ. ದವಾಖಾನೆಯಲ್ಲಿ ಹುಟ್ಟುವುದು, "ಗುಳಗಿ ತಪ್ಪಿಸ್ಯಾನ." ಮನೆಯ ಕಟ್ಟೆಯ ಮೇಲೆ ಹುಟ್ಟುವುದು, "ಹಣಿಬರಾ, ಯಾರೇನ ಮಾಡೂದು." ಮೊದಲನೆಯದಕ್ಕೆ ವಿಜ್ಞಾನದ ಗತ್ತಿದೆ, ಎರಡನೆಯದಕ್ಕೆ ಧರ್ಮದ ಗತ್ತು. ಹುಕ್ಕೇರಿಯಲ್ಲಿ, ಆಮೇಲೆ ಆಗಿನ್ನೂ ಗೋಕಾಕ ತಾಲ್ಲೂಕಿಗೇ ಸೇರಿದ್ದ ಮೂಡಲಗಿಯಲ್ಲಿ, ಕೊನೆಗೆ ಗೋಕಾಕದಲ್ಲಿ ಸರ್ಕಾರಿ ಔಷಧದ ಕಿಟಕಿಯ ಹಿಂದೆ ಕೂತು ಈ ಎರಡೂ ಮಾತು ಕೇಳುತ್ತಲೇ ನಾನು ನಿವೃತ್ತಳಾದೆ. ಎರಡೂ ಮಾಡುವ ಕೆಲಸ ಒಂದೇ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಮುಂದೆ ಕೇಳಲೇಬೇಕಾದ ಪ್ರಶ್ನೆಯನ್ನು ಎರಡೂ ಅಲ್ಲಿಗೇ ನಿಲ್ಲಿಸಿಬಿಡುತ್ತವೆ. ತಪ್ಪನ್ನು ರೋಗಿಯ ಮೇಲೆ ಹೊರಿಸಿ ಎದ್ದು ಹೋಗುತ್ತವೆ. ಒಂದು ಈ ಜನ್ಮದ ತಪ್ಪು, ಇನ್ನೊಂದು ಹಿಂದಿನ ಜನ್ಮದ್ದು, ಅಷ್ಟೇ ವ್ಯತ್ಯಾಸ.

ಮೂಡಲಗಿ ಕಡೆಯ ಒಬ್ಬ ಕಬ್ಬಿನ ರೈತರಿದ್ದರು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದರು. ನಮ್ಮ ಮಂದಿ ಅದಕ್ಕೆ ಸ್ಪ್ರಿಂಗ್ ಎನ್ನುತ್ತಾರೆ, ಅವರೂ ಹಾಗೇ ಅನ್ನುತ್ತಿದ್ದರು. ದಿನಕ್ಕೆ ಆಸ್ಪಿರಿನ್ 75, ಕ್ಲೊಪಿಡೊಗ್ರೆಲ್ 75, ಜೊತೆಗೆ ಕೊಬ್ಬಿನ ಗುಳಗಿ, ಬೀಪಿ ಗುಳಗಿ. ಮರೆಯಬಾರದೆಂದು ಹೆಂಡತಿ ಸ್ಟ್ರಿಪ್‌ಗಳನ್ನು ಜಗಲಿಯ ಮೇಲೆ ವಿಭೂತಿ ಉಂಡೆಯ ಪಕ್ಕದಲ್ಲೇ ಇಡುತ್ತಿದ್ದರಂತೆ. ಪೂಜೆ ಮುಗಿಸಿ, ರೊಟ್ಟಿ ಉಂಡು, ಮತ್ತೆ ಜಗಲಿಗೆ ಹೋಗಿ ಗುಳಗಿ ನುಂಗಿಯೇ ಹೊಲಕ್ಕೆ ಹೋಗುವವರು. ಪ್ರತಿ ತಿಂಗಳು ಹೊಸ ಗುಳಗಿ ಒಯ್ಯಲು ಬಂದಾಗ ಖಾಲಿ ಸ್ಟ್ರಿಪ್‌ಗಳನ್ನು ರಬ್ಬರ್ ಹಾಕಿ ತಂದು ನನ್ನ ಮುಂದಿಡುತ್ತಿದ್ದರು. ಕೇಳದಿದ್ದರೂ ಲೆಕ್ಕ ಒಪ್ಪಿಸುವ ಮನುಷ್ಯ. ಅಂಥವರಿಗೆ ವರ್ಷ ತುಂಬುವುದರೊಳಗೆ ಅದೇ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿತು. ಬದುಕಿ ಬಂದರು. ಆದರೆ ಆ ಆಸ್ಪತ್ರೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಬಂದು, ಗುಳಗಿ ಬಿಟ್ಟಿದ್ದಿರಾ, ಎಷ್ಟು ದಿನ ಬಿಟ್ಟಿದ್ದಿರಿ, ಖರೇ ಹೇಳಿ ಎಂದು ಕೇಳಿದ್ದರಂತೆ. ಮೂಡಲಗಿಯ ಶಿವಬೋಧರಂಗನ ಮೇಲೆ ಆಣೆ ಮಾಡಿ ಹೇಳಿದರೂ ನಂಬಿದಂತೆ ಕಾಣಲಿಲ್ಲ. ಊರಿಗೆ ಬಂದರೆ ಬೀಗರೊಬ್ಬರು, "ನಿಮ್ಮ ಅಪ್ಪಾರೂ ಹಿಂಗs ಹೋದ್ರು, ಮನಿತನದ ಭೋಗ ಐತಿ" ಅಂದರು.

ಕಿಟಕಿಯ ಸರಳು ಹಿಡಿದುಕೊಂಡು ಅವರು ನನ್ನನ್ನು ಕೇಳಿದ್ದು ಒಂದೇ ಮಾತು. "ಅಕ್ಕಾರ, ನಾ ಏನ ತಪ್ಪ ಮಾಡೀನ್ರಿ?"

ಅವರು ಕೇಳಿದ್ದು ಔಷಧದ ವಿಷಯವಲ್ಲ. ಗುಳಗಿ ಯಾಕೆ ಲಾಗೂ ಆಗಲಿಲ್ಲ ಎಂದು ಕೇಳಿದ್ದರೆ ನನಗೆ ಗೊತ್ತಿದ್ದಷ್ಟು ಹೇಳಿ ಕಳಿಸುತ್ತಿದ್ದೆ. ಅವರು ಕೇಳಿದ್ದು ತಮ್ಮ ನಡತೆಯ ಬಗ್ಗೆ. ಒಂದು ಗುಳಗಿ ಕೆಲಸ ಮಾಡದೇ ಹೋದದ್ದಕ್ಕೆ ಒಬ್ಬ ಪ್ರಾಮಾಣಿಕ ಮನುಷ್ಯ ತನ್ನ ಇಡೀ ಬದುಕನ್ನು ತಿರುಗಿಸಿ ನೋಡಿಕೊಳ್ಳುವಂತೆ ಮಾಡುವ ಧರ್ಮ ಎಂಥದು, ವೈದ್ಯಕೀಯ ಎಂಥದು ಎಂದು ನಾನು ಅಂದಿನಿಂದ ಯೋಚಿಸುತ್ತಿದ್ದೇನೆ.

ಮೊದಲು ಮೈಯೊಳಗೆ ಆದದ್ದೇನು ಎಂದು ನೋಡಬೇಕು. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಸಣ್ಣ ತುಣುಕುಗಳಿವೆ. ಗಾಯವಾದರೆ ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುವುದು ಅವುಗಳ ಕೆಲಸ. ಅದೇ ಕೆಲಸವನ್ನು ಹೃದಯದ ರಕ್ತನಾಳದಲ್ಲಿ, ಒಡೆದ ಕೊಬ್ಬಿನ ಪದರದ ಮೇಲೆ ಅಥವಾ ಹೊಸ ಸ್ಟೆಂಟಿನ ತಂತಿಯ ಮೇಲೆ ಮಾಡಿದರೆ ಹೃದಯಕ್ಕೆ ರಕ್ತ ನಿಲ್ಲುತ್ತದೆ. ಆಸ್ಪಿರಿನ್ ಪ್ಲೇಟ್‌ಲೆಟ್‌ನ ಒಳಗಿನ ಒಂದು ಕಿಣ್ವವನ್ನು ಕಾಯಮ್ಮಾಗಿ ಮುಚ್ಚುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲದ್ದರಿಂದ ಅದು ಹೊಸ ಕಿಣ್ವ ತಯಾರಿಸಿಕೊಳ್ಳಲಾರದು. ಏಳರಿಂದ ಹತ್ತು ದಿನದ ತನ್ನ ಆಯುಷ್ಯವನ್ನು ಹಾಗೇ ಕಳೆಯುತ್ತದೆ. ಅದಕ್ಕೇ ದಿನಕ್ಕೊಂದು ಸಣ್ಣ ಗುಳಗಿ ಸಾಕಾಗುತ್ತದೆ. ಆಸ್ಪಿರಿನ್ ಹೇಗೆ ಕೆಲಸ ಮಾಡುತ್ತದೆಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ, ನೊಬೆಲ್ ಬಂದದ್ದು 1982ರಲ್ಲಿ. 1988ರಲ್ಲಿ ಪ್ರಕಟವಾದ, 17,187 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅಟ್ಯಾಕ್ ಆದ ಕೂಡಲೇ ಆಸ್ಪಿರಿನ್ ಕೊಟ್ಟವರಲ್ಲಿ ಸಾವು ಸುಮಾರು ಕಾಲುಭಾಗ ಕಡಿಮೆಯಾಯಿತು. ಇಷ್ಟು ಅಗ್ಗದ ಗುಳಗಿ ಇಷ್ಟು ಜೀವ ಉಳಿಸಿದ್ದು ನನ್ನ ವೃತ್ತಿಯ ದೊಡ್ಡ ಸಂತೋಷಗಳಲ್ಲೊಂದು.

ಕ್ಲೊಪಿಡೊಗ್ರೆಲ್‌ನ ಕತೆ ಬೇರೆ. ಅದು ನುಂಗುವಾಗ ಇನ್ನೂ ಔಷಧವಾಗಿರುವುದಿಲ್ಲ. ಮೈ ಹೀರಿಕೊಂಡದ್ದರಲ್ಲಿ ಸುಮಾರು ಶೇ. 85 ಯಾವ ಉಪಯೋಗಕ್ಕೂ ಬಾರದೆ ಹೋಗುತ್ತದೆ. ಉಳಿದ ಶೇ. 15ನ್ನು ಯಕೃತ್ತಿನ ಕಿಣ್ವಗಳು ಎರಡು ಹಂತದಲ್ಲಿ ಬದಲಿಸಿದ ಮೇಲೆಯೇ ಅದು ಪ್ಲೇಟ್‌ಲೆಟ್‌ಗಳನ್ನು ತಡೆಯುವ ಔಷಧವಾಗುವುದು. ಆ ಕಿಣ್ವಗಳಲ್ಲಿ ಮುಖ್ಯವಾದದ್ದರ ಹೆಸರು ಸಿವೈಪಿ2ಸಿ19. ಅದನ್ನು ತಯಾರಿಸುವ ವಂಶವಾಹಿಯ ಎರಡು ಪ್ರತಿಗಳು ಪ್ರತಿಯೊಬ್ಬರಲ್ಲೂ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಪ್ರತಿ ಕೆಲಸ ಮಾಡದಿದ್ದರೆ ಔಷಧ ಅರೆಬರೆ ತಯಾರಾಗುತ್ತದೆ, ಎರಡೂ ಮಾಡದಿದ್ದರೆ ಬಹಳ ಕಡಿಮೆ. ಬ್ರಿಟನ್ನಿನಲ್ಲಿ ನೆಲೆಸಿರುವ ಬಾಂಗ್ಲಾದೇಶ ಮತ್ತು ಪಾಕಿಸ್ತಾನ ಮೂಲದ ಸುಮಾರು 44,000 ಜನರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 57 ಜನರಿಗೆ ಕನಿಷ್ಠ ಒಂದು ಪ್ರತಿ ದುರ್ಬಲವಾಗಿತ್ತು, ಶೇ. 13 ಜನರಿಗೆ ಎರಡೂ. ಅವರು ನಮ್ಮ ಉಪಖಂಡದವರೇ. ಯುರೋಪಿನವರಲ್ಲಿ ಈ ಪ್ರಮಾಣ ಇಷ್ಟಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರ ಮಾರ್ಚಿನಲ್ಲೇ ಈ ಗುಳಗಿಯ ಮಾಹಿತಿ ಪತ್ರದ ಮೇಲೆ ಚೌಕಟ್ಟು ಹಾಕಿ ಎಚ್ಚರಿಕೆ ಬರೆಸಿತ್ತು.

ಜಗಲಿಯ ಮೇಲೆ ಗುಳಗಿ ಇಟ್ಟುಕೊಂಡು ಒಂದು ದಿನವೂ ತಪ್ಪಿಸದ ಆ ರೈತರ ಯಕೃತ್ತು ಹೀಗೇ ಇದ್ದಿರಬಹುದು. ಅವರ ಪರೀಕ್ಷೆ ಆಗಲಿಲ್ಲ, ಆದ್ದರಿಂದ ಖಚಿತವಾಗಿ ಹೇಳಲಾರೆ. ಎರಡನೆಯ ಸಲ ನೋಡಿದ ಒಬ್ಬ ತರುಣ ಡಾಕ್ಟರು ಮಾತ್ರ ವಾದ ಮಾಡದೆ ಗುಳಗಿ ಬದಲಿಸಿ ಟಿಕಾಗ್ರೆಲರ್ ಬರೆದರು. ಅದು ಯಕೃತ್ತಿನಲ್ಲಿ ತಯಾರಾಗಬೇಕಾಗಿಲ್ಲ, ನುಂಗಿದಂತೆಯೇ ಕೆಲಸ ಮಾಡುತ್ತದೆ. ದಿನಕ್ಕೆ ಎರಡು ಸಲ ತೆಗೆದುಕೊಳ್ಳಬೇಕು, ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ, ರಕ್ತಸ್ರಾವದ ಭಯವೂ ತುಸು ಹೆಚ್ಚು. ಮೊದಲು ದುಬಾರಿಯಾಗಿತ್ತು, 2019ರಲ್ಲಿ ಪೇಟೆಂಟ್ ಮುಗಿದ ಮೇಲೆ ನಮ್ಮ ದೇಶದ ಕಂಪನಿಗಳೂ ಮಾಡಲು ಶುರುಮಾಡಿ ಬೆಲೆ ಇಳಿಯಿತು. ರೈತರಿಗೆ ಒಗ್ಗಿತು.

ಈ ವಿವರ ಕೇಳಿದ ಮೇಲೂ ನಮ್ಮ ಜನ ಒಂದು ಪ್ರಶ್ನೆ ಕೇಳುತ್ತಾರೆ, ಕೇಳಬೇಕಾದದ್ದೇ. ಅಂಥ ವಂಶವಾಹಿ ಅವನ ಪಾಲಿಗೇ ಯಾಕೆ ಬಂತು? ಅದೂ ಪ್ರಾರಬ್ಧವೇ ಅಲ್ಲವೇ? ಹಣೆಯ ಮೇಲೆ ಬರೆದದ್ದನ್ನು ಈಗ ಜೀವಕೋಶದಲ್ಲಿ ಬರೆದದ್ದೆಂದು ಹೇಳಿದರೆ ಬದಲಾದದ್ದೇನು?

ಈ ಪ್ರಶ್ನೆಗೆ ನನಗೆ ದಾರಿ ತೋರಿಸಿದವರು ಹುಕ್ಕೇರಿಯ ಒಬ್ಬ ಜೈನ ಹಿರಿಯರು. ನಮ್ಮ ಜಿಲ್ಲೆಯಲ್ಲಿ ದಿಗಂಬರ ಜೈನರು ಬಹಳ, ಅವರಲ್ಲಿ ಹೊಲಮನೆ ಮಾಡಿಕೊಂಡೇ ಶಾಸ್ತ್ರ ಓದುವವರೂ ಬಹಳ. ಇವರಿಗೂ ಹೃದಯದ ಗುಳಗಿ ನಡೆದಿತ್ತು. ಕರ್ಮವನ್ನು ಜೈನರಷ್ಟು ಗಂಭೀರವಾಗಿ ತೆಗೆದುಕೊಳ್ಳುವ ಧರ್ಮ ಇನ್ನೊಂದಿಲ್ಲವೆಂದು ನಾನು ತಿಳಿದಿದ್ದೆ. ಎಂಟು ಬಗೆಯ ಕರ್ಮ, ಅದರಲ್ಲಿ ಮೈಯ ರಚನೆ ಕೊಡುವುದು ನಾಮಕರ್ಮ, ಬದುಕಿನ ಅಳತೆ ಕೊಡುವುದು ಆಯುಕರ್ಮ. ಹಾಗಾದರೆ ಎಲ್ಲಾ ಮೊದಲೇ ನಿಕ್ಕಿಯಾದದ್ದೇ ಅಲ್ಲವೇನ್ರಿ ಎಂದು ಕೇಳಿದೆ. ಅವರು ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವನ್ನು ವಿವರಿಸಿದರು. ದೇವತೆಗಳು, ನಾರಕಿಗಳು, ಅದೇ ಜನ್ಮದಲ್ಲಿ ಮೋಕ್ಷ ಹೊಂದುವವರು, ಎಣಿಕೆಗೆ ಸಿಗದಷ್ಟು ವರ್ಷ ಬದುಕುವವರು, ಇಂಥವರ ಆಯುಷ್ಯ ಮಾತ್ರ ನಡುವೆ ತುಂಡಾಗುವುದಿಲ್ಲವಂತೆ. ನಮ್ಮ ನಿಮ್ಮಂಥ ಸಾಮಾನ್ಯರ ಆಯುಷ್ಯ ವಿಷದಿಂದ, ಶಸ್ತ್ರದಿಂದ, ರೋಗದಿಂದ, ಹೊರಗಿನ ನಿಮಿತ್ತದಿಂದ ಮೊದಲೇ ಮುಗಿದುಹೋಗಬಹುದು. "ಮುಗೀಬಹುದು ಅಂದಮ್ಯಾಗ ಮುಗೀದಂಗ ಕಾಯೂದೂ ಬಂತಲ್ಲವಾ ತಂಗಿ. ಔಷಧಾನೂ ನಿಮಿತ್ತನ," ಅಂದರು.

ಆಮೇಲೆ ಅವರು ಹೇಳಿದ ಮಾತನ್ನು ನಾನು ಈ ಬರಹದ ನಡುಗಂಬ ಮಾಡಿಕೊಂಡಿದ್ದೇನೆ. "ಕರ್ಮ ಅನ್ನೂದು ನಾ ನನಗ ಹೇಳ್ಕೊಳ್ಳು ಮಾತು. ನನ್ನ ಕರ್ಮ ಅಂತ ನಾ ಅಂದ್ರ ನಾಳಿಂದ ಚಲೋ ನಡೀತೀನಿ. ನಿನ್ನ ಕರ್ಮ ಅಂತ ನೀ ನನಗ ಅಂದ್ರ, ಅದು ಹಿಂಸಾ."

ಇದರಲ್ಲಿ ದೊಡ್ಡ ವಿಚಾರವಿದೆ. ಕರ್ಮಸಿದ್ಧಾಂತ ಹುಟ್ಟಿದ್ದು ಮನುಷ್ಯ ತನ್ನ ನಡೆಗೆ ತಾನೇ ಹೊಣೆ ಹೊರಲಿ ಎಂದು. ಇನ್ನೊಬ್ಬನ ನೋವಿಗೆ ಕಾರಣ ಹುಡುಕುವ ಕೆಲಸದಿಂದ ನಾನು ತಪ್ಪಿಸಿಕೊಳ್ಳಲಿ ಎಂದಲ್ಲ. ವಂಶವಾಹಿಯ ಮಾತಿಗೆ ಬಂದರೆ ಇದು ಇನ್ನೂ ಸ್ಪಷ್ಟ. ಕರ್ಮ ನಂಬುವವರ ಪ್ರಕಾರ ಮಾಡಿದವನೇ ಉಣ್ಣಬೇಕು, ಒಬ್ಬನ ಕರ್ಮ ಇನ್ನೊಬ್ಬನಿಗೆ ಬರುವುದಿಲ್ಲ. ವಂಶವಾಹಿಯ ರೀತಿಯೇ ಬೇರೆ. ಅದು ತಂದೆತಾಯಿಯಿಂದ ಬರುತ್ತದೆ, ಅವರಿಗೆ ಅವರ ತಂದೆತಾಯಿಯಿಂದ. ಉಪಖಂಡದ ಅರ್ಧಕ್ಕೂ ಹೆಚ್ಚು ಜನ ಅದನ್ನು ಹೊತ್ತಿರಬಹುದು ಎಂದಮೇಲೆ ಅದು ಯಾರೊಬ್ಬರ ಪಾಪದ ಗುರುತಾಗುವುದು ಹೇಗೆ? ಕ್ಲೊಪಿಡೊಗ್ರೆಲ್ ಹುಟ್ಟುವ ಮೊದಲು ಈ ವ್ಯತ್ಯಾಸದಿಂದ ನಮ್ಮ ಅಜ್ಜ ಮುತ್ತಜ್ಜರಿಗೆ ಯಾವ ತೊಂದರೆಯೂ ಆದದ್ದು ಕಂಡಿಲ್ಲ. ಒಂದು ಗುಳಗಿ ಬಂದ ಮೇಲೆಯೇ ಅದು ಕೊರತೆ ಎನಿಸಿಕೊಂಡಿತು. ಹಾಗಿರುವಾಗ ಮೈಯನ್ನು ತಪ್ಪಿತಸ್ಥ ಮಾಡುವುದಕ್ಕಿಂತ, ಈ ಮೈಗೆ ಈ ಗುಳಗಿ ಸರಿಯಾದುದಲ್ಲ ಎಂದು ಹೇಳುವುದು ಹೆಚ್ಚು ಸತ್ಯ.

ಆಯುರ್ವೇದದ ಹಿರಿಯರು ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡಿದ್ದಾರೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಶಿಷ್ಯ ಅಗ್ನಿವೇಶ ಗುರು ಆತ್ರೇಯನನ್ನು ಕೇಳುತ್ತಾನೆ, ಎಲ್ಲರ ಆಯುಷ್ಯವೂ ಮೊದಲೇ ಗೊತ್ತುಮಾಡಿದ್ದೋ ಅಲ್ಲವೋ ಎಂದು. ಆತ್ರೇಯ ದೈವವನ್ನು ತಳ್ಳಿಹಾಕುವುದಿಲ್ಲ. ಹಿಂದಿನ ಜನ್ಮದಲ್ಲಿ ಮಾಡಿದ್ದು ದೈವ, ಈ ಜನ್ಮದಲ್ಲಿ ಮಾಡುವುದು ಪುರುಷಕಾರ, ಎರಡರಲ್ಲಿ ಯಾವುದು ಬಲವಾದದ್ದೋ ಅದು ಇನ್ನೊಂದನ್ನು ಸೋಲಿಸುತ್ತದೆ ಎನ್ನುತ್ತಾನೆ. ಆಮೇಲೆ ಅವನು ಕೊಡುವ ತರ್ಕ ಎಷ್ಟು ಗಟ್ಟಿ! ಆಯುಷ್ಯ ನಿಕ್ಕಿಯಾಗಿದ್ದರೆ ಯಾರೂ ಔಷಧ ಮಾಡಬೇಕಾಗಿರಲಿಲ್ಲ. ಹುಚ್ಚೆದ್ದು ಬರುವ ಆನೆ, ಎತ್ತುಗಳಿಗೆ ದಾರಿ ಬಿಡಬೇಕಾಗಿರಲಿಲ್ಲ. ಕಡಿದಾದ ಪ್ರಪಾತಕ್ಕೂ ರಭಸದ ನೀರಿಗೂ ಅಂಜಬೇಕಾಗಿರಲಿಲ್ಲ. ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ಬಂಡೆಯ ಅಂಚಿಗೆ ಹೋಗುವ ಮಗನನ್ನು ಕೂಗಿ ಹಿಂದಕ್ಕೆ ಕರೆಯದ ತಾಯಿ ನಮ್ಮಲ್ಲಿ ಯಾರಿದ್ದಾಳೆ? ಹಣೆಬರಹವನ್ನು ಎಷ್ಟೇ ನಂಬಿದರೂ ಅಲ್ಲಿ ಅವಳು ಕೂಗಿಯೇ ಕೂಗುತ್ತಾಳೆ. ಎದೆಯ ರೋಗದ ಹತ್ತಿರ ಬಂದಾಗ ಮಾತ್ರ ನಾವು ಬೇಗ ಸುಮ್ಮನಾಗುತ್ತೇವೆ.

ಅದೇ ಅಧ್ಯಾಯದಲ್ಲಿ ಆತ್ರೇಯ ಗಾಡಿಯ ಅಚ್ಚಿನ ಹೋಲಿಕೆ ಕೊಡುತ್ತಾನೆ. ಒಳ್ಳೆಯ ಅಚ್ಚು ಸವೆದು ಸವೆದು ತನ್ನ ಕಾಲಕ್ಕೆ ಮುಗಿಯುತ್ತದೆ. ಅದೇ ಅಚ್ಚು ಹೇರು ಹೆಚ್ಚಾದರೆ, ದಾರಿ ಕೆಟ್ಟಿದ್ದರೆ, ಎತ್ತಿನ ಅಥವಾ ಹೊಡೆಯುವವನ ತಪ್ಪಾದರೆ, ಕೀಲು ಕಳಚಿದರೆ, ಎಣ್ಣೆ ಹಾಕದಿದ್ದರೆ ನಡುದಾರಿಯಲ್ಲೇ ಮುರಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹಿರಣ್ಯಕೇಶಿ ಕಾರ್ಖಾನೆಗೋ ಘಟಪ್ರಭಾ ಕಡೆಗೋ ಹೇರು ಹೊತ್ತು ಹೋಗುವ ಗಾಡಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಚ್ಚು ಮುರಿದಾಗ ನಮ್ಮ ರೈತ ಅಚ್ಚಿನ ಹಣೆಬರಹ ಎಂದು ಕೂತುಕೊಳ್ಳುವುದಿಲ್ಲ, ಕೆಳಗಿಳಿದು ಬಗ್ಗಿ ನೋಡುತ್ತಾನೆ. ಎಲ್ಲಿ ಮುರಿಯಿತು, ಯಾಕೆ ಮುರಿಯಿತು ಎಂದು ನೋಡುತ್ತಾನೆ. ಈ ಬಗ್ಗಿ ನೋಡುವಿಕೆಯನ್ನೇ ನಾನು ಎರಡನೆಯ ಅಟ್ಯಾಕಿನ ಮುಂದೆಯೂ ಕೇಳುತ್ತಿರುವುದು.

ಬಗ್ಗಿ ನೋಡಿದರೆ ಕಾಣುವುದು ವಂಶವಾಹಿ ಒಂದೇ ಅಲ್ಲ. ನಮ್ಮಲ್ಲಿ ಯಾವ ಚೀಟಿ ನೋಡಿದರೂ ಒಂದು ಗ್ಯಾಸಿನ ಗುಳಗಿ ಇರುತ್ತದೆ. ಅದು ಒಮೆಪ್ರಜೋಲ್ ಆಗಿದ್ದರೆ ಕ್ಲೊಪಿಡೊಗ್ರೆಲ್ ತಯಾರಿಸುವ ಅದೇ ಕಿಣ್ವವನ್ನು ತಡೆಯುತ್ತದೆ. ಎರಡನ್ನೂ ಕೂಡಿ ಕೊಡಬೇಡಿ ಎಂಬ ಎಚ್ಚರಿಕೆ 2009ರಲ್ಲೇ ಬಂದಿದೆ. ಪ್ಯಾಂಟೊಪ್ರಜೋಲ್‌ನಿಂದ ಆ ತೊಂದರೆ ಕಡಿಮೆ. ಎಷ್ಟೋ ಮಂದಿ ಹೃದಯದ ಗುಳಗಿಯನ್ನು ಒಬ್ಬ ಡಾಕ್ಟರ ಚೀಟಿಯ ಮೇಲೆ, ಗ್ಯಾಸಿನದನ್ನು ಊರಿನ ಅಂಗಡಿಯಲ್ಲಿ ತಾವೇ ಕೇಳಿ ತೆಗೆದುಕೊಳ್ಳುತ್ತಾರೆ. ಡಾಕ್ಟರು ಕೊಟ್ಟದ್ದು ಅಂಗಡಿಯವರಿಗೆ, ಅಂಗಡಿಯವರು ಕೊಟ್ಟದ್ದು ಡಾಕ್ಟರಿಗೆ ತಿಳಿದಿರುವುದಿಲ್ಲ. ಶುಗರ್ ಇದ್ದವರ ಪ್ಲೇಟ್‌ಲೆಟ್‌ಗಳು ಚುರುಕು ಹೆಚ್ಚು, ಬೇಗ ಬೇಗ ಹೊಸವು ಹುಟ್ಟುತ್ತವೆ, ನಿನ್ನೆಯ ಆಸ್ಪಿರಿನ್ ಇಂದು ಹುಟ್ಟಿದವುಗಳನ್ನು ಮುಟ್ಟಿರುವುದಿಲ್ಲ. ಆಸ್ಪಿರಿನ್ ಕೆಲವರಿಗೆ ಹತ್ತುವುದೇ ಇಲ್ಲ ಎಂದು ಬಹಳ ಕಾಲ ನಂಬಲಾಗಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 400 ಮಂದಿ ಆರೋಗ್ಯವಂತರಿಗೆ ಕೊಟ್ಟು ನೋಡಿದರು. ನಿಜವಾಗಿ ಆಸ್ಪಿರಿನ್‌ಗೆ ಬಗ್ಗದವರು ಒಬ್ಬರೂ ಸಿಗಲಿಲ್ಲ. ಹೊಟ್ಟೆ ಉರಿಯದಿರಲೆಂದು ಗುಳಗಿಗೆ ಹಾಕುವ ಲೇಪದಿಂದಾಗಿ ಕೆಲವರಲ್ಲಿ ಔಷಧ ತಡವಾಗಿ, ಕಡಿಮೆಯಾಗಿ ರಕ್ತ ಸೇರುತ್ತಿತ್ತು. ನೋಡಿ, ಮೈಯ ದೋಷವೆಂದು ಬರೆದಿಟ್ಟದ್ದು ಗುಳಗಿಯ ಲೇಪದ ದೋಷವಾಗಿತ್ತು.

ಇನ್ನು ನಿಜವಾಗಿಯೂ ಗುಳಗಿ ತಪ್ಪಿಸಿದವರು ಇದ್ದಾರೆ, ಕಡಿಮೆಯೇನಲ್ಲ. ಅವರನ್ನೂ ಬೈಯಲು ನನಗೆ ಬಾಯಿ ಬರುವುದಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ತುಂಬಿ ಬಂದು ಲೋಳಸೂರ ಸೇತುವೆ ಮುಳುಗಿ, ಗೋಕಾಕದ ಓಣಿಗಳಿಗೆ ನೀರು ನುಗ್ಗಿತು. ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಬಂದರು. ಚೀಟಿಯೂ ಹೋಗಿತ್ತು, ಗುಳಗಿಯೂ ಹೋಗಿತ್ತು. "ಗುಲಾಬಿ ಬಣ್ಣದ್ದು, ದುಂಡಂದು" ಎಂದಷ್ಟೇ ಹೇಳಬಲ್ಲ ಅಜ್ಜಂದಿರಿಗೆ ಅದು ಕ್ಲೊಪಿಡೊಗ್ರೆಲ್ ಇರಬೇಕೆಂದು ಊಹಿಸಿ, ಡಾಕ್ಟರನ್ನು ಕೇಳಿ ಕೊಟ್ಟದ್ದು ನೆನಪಿದೆ. ಸ್ಟೆಂಟ್ ಹಾಕಿಸಿಕೊಂಡು ತಿಂಗಳೊಪ್ಪತ್ತು ಆಗಿದ್ದವರಿಗೆ ನಾಲ್ಕು ದಿನ ತಪ್ಪಿದರೂ ಪ್ರಾಣಕ್ಕೆ ಅಪಾಯ. ಶ್ರಾವಣ ಸೋಮವಾರ ಉಪವಾಸವೆಂದು ಬಿಡುವವರು, ರಂಜಾನಿನಲ್ಲಿ ಹೊತ್ತು ಗೊತ್ತಾಗದೆ ಬಿಡುವವರು, ಹಲ್ಲು ಕೀಳಿಸಬೇಕೆಂದು ಬಿಟ್ಟು ಮತ್ತೆ ಶುರುಮಾಡಲು ಮರೆತವರು, ಗಂಡನದು ತಪ್ಪದಿರಲಿ ಎಂದು ತನ್ನದನ್ನು ದಿನ ಬಿಟ್ಟು ದಿನ ನುಂಗುವ ಹೆಂಡತಿ. ಔಷಧ ಲೇಪಿಸಿದ ಹೃದಯದ ಸ್ಟೆಂಟಿಗೆ 2017ರ ಫೆಬ್ರುವರಿಯಲ್ಲಿ ಸರ್ಕಾರ 29,600 ರೂಪಾಯಿಯ ಮಿತಿ ಹಾಕಿತು, ಬಡವರಿಗೆ ಯೋಜನೆಗಳಲ್ಲಿ ಆಪರೇಷನ್ ಖರ್ಚು ಇಲ್ಲ. ಆಮೇಲಿನ ವರ್ಷವಿಡೀ ಗುಳಗಿ ತಪ್ಪದಂತೆ ಯಾರು ನೋಡಿಕೊಳ್ಳುತ್ತಾರೆ? ಬಿಟ್ಟವರ ಹಿಂದೆ ಒಂದೊಂದು ಕಾರಣವಿದೆ. ಕಾರಣ ಕೇಳದೆ ತಪ್ಪಿಸಿದೆ ಎನ್ನುವುದೂ ಹಣೆಬರಹ ಎಂದಂತೆಯೇ.

ಗುಳಗಿಯ ಪ್ರಮಾಣ ಹೆಚ್ಚು ಮಾಡಿದರೆ ಸಾಕು ಎನ್ನುವ ಸುಲಭದ ದಾರಿಯೂ ಇಲ್ಲ. ಪ್ಲೇಟ್‌ಲೆಟ್ ಸರಿಯಾಗಿ ತಡೆಯಲ್ಪಡದ 2,214 ರೋಗಿಗಳಿಗೆ ಕ್ಲೊಪಿಡೊಗ್ರೆಲ್ ಅನ್ನು 75ರ ಬದಲು 150 ಕೊಟ್ಟು ಆರು ತಿಂಗಳು ನೋಡಿದ ಪರೀಕ್ಷೆಯ ಫಲ 2011ರಲ್ಲಿ ಬಂತು. ಎರಡೂ ಗುಂಪಿನಲ್ಲಿ ತೊಂದರೆಯಾದವರ ಪ್ರಮಾಣ ಒಂದೇ, ಶೇ. 2.3. ಪುರುಷಕಾರವೆಂದರೆ ಅದೇ ಕೆಲಸವನ್ನು ಎರಡು ಪಟ್ಟು ಮಾಡುವುದಲ್ಲ ಎಂದು ನಾನು ಇದರಿಂದ ಕಲಿತೆ. ದೇಶ, ಕಾಲ ನೋಡಿ, ಒಬ್ಬೊಬ್ಬ ಮನುಷ್ಯನನ್ನೂ ಬೇರೆಯಾಗಿ ನೋಡಿ ಔಷಧ ಯೋಜಿಸುವವನೇ ಶ್ರೇಷ್ಠ ವೈದ್ಯ ಎಂದು ಚರಕ ಹೇಳಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ದೇವರನ್ನು ನಂಬುವವರಿಗೆ ಹುಡುಕಾಟ ಸಲ್ಲದು ಎನ್ನುವವರಿಗೆ ಆಸ್ಪಿರಿನ್‌ನ ಹಿಂದಿನ ಕತೆಯನ್ನೇ ಹೇಳಬೇಕು. ಇಂಗ್ಲೆಂಡಿನ ಚಿಪ್ಪಿಂಗ್ ನಾರ್ಟನ್ ಎಂಬ ಊರಿನಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ ಇದ್ದ. ಚಳಿಜ್ವರ ಬರುವುದು ತೇವದ ಜಾಗದಲ್ಲಿ, ವಿಲೋ ಮರ ಬೆಳೆಯುವುದೂ ತೇವದ ಜಾಗದಲ್ಲಿ. ದೇವರು ರೋಗ ಇಟ್ಟಲ್ಲೇ ಮದ್ದನ್ನೂ ಇಟ್ಟಿರುತ್ತಾನೆ ಎಂಬುದು ಅವನ ನಂಬಿಕೆ. ನಂಬಿಕೆ ಅವನನ್ನು ಸುಮ್ಮನೆ ಕೂರಿಸಲಿಲ್ಲ. ವಿಲೋ ತೊಗಟೆ ಒಣಗಿಸಿ, ಪುಡಿ ಮಾಡಿ, ಸುಮಾರು ಐವತ್ತು ಮಂದಿಗೆ ಕೊಟ್ಟು ನೋಡಿ, 1763ರಲ್ಲಿ ರಾಯಲ್ ಸೊಸೈಟಿಗೆ ಪತ್ರ ಬರೆದ. ಕೆಲವು ಹಠಮಾರಿ ಜ್ವರಗಳು ಇದರಿಂದ ಇಳಿದವೇ ಹೊರತು ಪೂರ್ತಿ ಬಿಡಲಿಲ್ಲ ಎಂಬುದನ್ನೂ ಮುಚ್ಚಿಡದೆ ಬರೆದ, ಅಂಥವರಿಗೆ ಸಿಂಕೋನಾ ತೊಗಟೆ ಬೆರೆಸಿ ಕೊಟ್ಟೆನೆಂದ. ಮದ್ದು ಹತ್ತದವರನ್ನು ಆ ಪಾದ್ರಿ ಪಾಪಿಗಳೆಂದು ಕರೆಯಲಿಲ್ಲ. ನಮ್ಮ ಶರಣರೂ ಹಾಗೇ ಅಲ್ಲವೇ? ಗಳಿಗೆ, ಮುಹೂರ್ತ, ಶಕುನ ಇವುಗಳಿಗೆ ತಲೆಬಾಗದೆ ಮೈಯನ್ನೇ ದೇಗುಲವೆಂದು ಬಗೆದವರು ಅವರು. ದೇಗುಲದಲ್ಲಿ ಬಿರುಕು ಕಂಡರೆ ಹಣೆಬರಹ ಎನ್ನುವ ಭಕ್ತ ಯಾರು?

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವ ಕೆಲಸವೂ ಸಿದ್ಧಿಸಲು ಐದು ಕಾರಣ ಬೇಕೆಂದಿದೆ. ಆಧಾರವಾದ ಈ ದೇಹ, ಮಾಡುವವನು, ಸಾಧನಗಳು, ಬಗೆಬಗೆಯ ಪ್ರಯತ್ನ, ಇವಾದ ಮೇಲೆ ಐದನೆಯದು ದೈವ. ನಾನು ದೈವವನ್ನು ಅಲ್ಲಗಳೆಯುವವಳಲ್ಲ. ಗೋಕಾಕದ ಲಕ್ಷ್ಮಿ ಜಾತ್ರೆಗೆ ಹೋಳಿಗೆ ಮಾಡಿ ಉಡಿ ತುಂಬುವವಳು. ಆದರೆ ಉಳಿದ ನಾಲ್ಕನ್ನು ನೋಡದೆ ಐದನೆಯದಕ್ಕೆ ಜಿಗಿಯುವುದು ದೈವಕ್ಕೂ ಮಾಡುವ ಅಪಚಾರ. ನಮ್ಮ ಅಜ್ಞಾನಕ್ಕೆ, ಸೋಮಾರಿತನಕ್ಕೆ ಅದರ ಹೆಸರಿಟ್ಟಂತೆ.

ಹಣೆಬರಹದ ಮಾತನ್ನು ಯಾರು ಆಡುತ್ತಿದ್ದಾರೆ ಎಂಬುದೂ ಮುಖ್ಯ. ನೊಂದವರು ತಮಗೆ ತಾವು ಹೇಳಿಕೊಳ್ಳುವುದು ಬೇರೆ, ಸರ್ಕಾರ ಹೇಳುವುದು ಬೇರೆ. ಕ್ಲೊಪಿಡೊಗ್ರೆಲ್ ವಿಷಯದಲ್ಲಿ ಅಮೆರಿಕದ ಹವಾಯಿ ರಾಜ್ಯ ಅದನ್ನು ಮಾರುವ ಕಂಪನಿಗಳ ಮೇಲೆ 2014ರಲ್ಲಿ ಮೊಕದ್ದಮೆ ಹೂಡಿತು. ಅಲ್ಲಿ ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಮೂಲದವರು ಬಹಳ, ಅವರಲ್ಲಿ ಈ ಔಷಧ ಸರಿಯಾಗಿ ತಯಾರಾಗದವರು ಬಹಳ, ಅದನ್ನು ಸರಿಯಾಗಿ ತಿಳಿಸಲಿಲ್ಲ ಎಂಬುದು ದೂರು. 2021ರಲ್ಲಿ 83 ಕೋಟಿ ಡಾಲರಿಗೂ ಮಿಕ್ಕಿ ದಂಡ ಬಿತ್ತು, ಮೇಲ್ಮನವಿಯಾಗಿ ಮರುವಿಚಾರಣೆ ನಡೆದು 2024ರಲ್ಲಿ ಮತ್ತೆ 91 ಕೋಟಿ ದಾಟಿದ ದಂಡ. ಸರಿತಪ್ಪಿನ ತೀರ್ಮಾನ ನನ್ನದಲ್ಲ. ಒಂದು ಸರ್ಕಾರ ತನ್ನ ಜನರ ಮೈಯನ್ನು ಅವರ ಹಣೆಬರಹಕ್ಕೆ ಬಿಡದೆ ನ್ಯಾಯಾಲಯದವರೆಗೆ ಒಯ್ದಿತು ಎಂಬುದಷ್ಟೇ ನನಗೆ ದೊಡ್ಡದು. ಬ್ರಿಟನ್ನಿನಲ್ಲಿ ಲಕ್ವ ಹೊಡೆದವರಿಗೆ ಕ್ಲೊಪಿಡೊಗ್ರೆಲ್ ಕೊಡುವ ಮೊದಲು ಈ ವಂಶವಾಹಿ ಪರೀಕ್ಷೆ ಮಾಡಿ ಎಂದು 2024ರಲ್ಲಿ ಶಿಫಾರಸಾಗಿದೆ. ಹೃದಯರೋಗಿಗಳೆಲ್ಲರಿಗೂ ಬೇಕೆಂದು ಮಾರ್ಗಸೂಚಿಗಳು ಇನ್ನೂ ಹೇಳುತ್ತಿಲ್ಲ, ಅದಕ್ಕೆ ಅವರದೇ ಕಾರಣಗಳಿವೆ. ನಮ್ಮ ತಾಲ್ಲೂಕು ದವಾಖಾನೆಗಳಲ್ಲಿ ಪುನೀತ್ ರಾಜಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ ಬಂದು ಮೊದಲ ತಾಸಿನಲ್ಲೇ ಇಸಿಜಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಸಿಗುವಂತಾದದ್ದು ದೊಡ್ಡ ಕೆಲಸ. ಎರಡನೆಯ ಸಲ ಬಂದವರಿಗಾದರೂ ಯಾಕೆ ಮತ್ತೆ ಹೀಗಾಯಿತು ಎಂದು ಪರೀಕ್ಷಿಸುವ ದಾರಿಯೂ ಆಗಬೇಕು. ಅದು ಆಗುವವರೆಗೆ, ಗುಳಗಿ ಹತ್ತುತ್ತಿಲ್ಲವೆಂಬ ಗುಮಾನಿಯಿಂದ ಯಾರೂ ತಾವಾಗಿ ಬಿಡಬಾರದು. ಬಿಟ್ಟರೆ ಆಗುವ ಕೇಡು ದೊಡ್ಡದು. ಡಾಕ್ಟರನ್ನು ಕೇಳಬೇಕು. ಗ್ಯಾಸಿನ ಗುಳಗಿಯನ್ನೂ ತೋರಿಸಿಯೇ ಕೇಳಬೇಕು.

ಹಣೆಬರಹ ಎಂಬ ಮಾತನ್ನು ನಾನು ಯಾರ ಬಾಯಿಂದಲೂ ಕಿತ್ತುಕೊಳ್ಳಬಾರದೆಂದು ಕಲಿತದ್ದು ಗೋಕಾಕದ ಒಬ್ಬ ಹೆಣ್ಣುಮಗಳಿಂದ. ಗಂಡ ಗುಳಗಿ ನಡೆದಿರುವಾಗಲೇ ಸ್ಟೆಂಟ್ ಕಟ್ಟಿ ತೀರಿಕೊಂಡಿದ್ದರು. ವರ್ಷದ ತಿಥಿ ಮುಗಿಸಿ ಬಂದು ಕೇಳಿದರು, "ಯವ್ವಾ, ಅದೇನೋ ಪರೀಕ್ಷಾ ಐತಂತಲ್ಲ, ಅದನ್ನ ಮಾಡಿಸಿದ್ರ ಉಳೀತಿದ್ರೇನ?" ಉಳಿಯುತ್ತಿದ್ದರೆಂದು ಹೇಳಿದರೆ ಸುಳ್ಳಾಗಬಹುದು, ಅವರು ಬದುಕಿಡೀ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಉಳಿಯುತ್ತಿರಲಿಲ್ಲ ಎನ್ನಲೂ ನನಗೆ ಅಧಿಕಾರವಿಲ್ಲ. ನೀವು ಮಾಡೂದೆಲ್ಲಾ ಮಾಡೀರಿ, ನಿಮ್ಮ ಕೈಯಾಗ ಇದ್ದದ್ದು ಯಾವದೂ ಉಳಿದಿಲ್ಲ ಎಂದೆ. "ಹಂಗಾರ ಅವರ ಹಣಿಬರಾ ಅಷ್ಟs ಇತ್ತು," ಎಂದು ತಾವೇ ಅಂದರು. ಹೌದೆಂದು ತಲೆದೂಗಿದೆ. ನಾನು ಅವರಿಗೆ ಹೇಳಬಾರದ ಮಾತನ್ನು ಅವರು ತಮಗೆ ತಾವು ಹೇಳಿಕೊಂಡರು, ಆ ಮಾತಿಗೆ ಅಲ್ಲಿ ಜಾಗವಿತ್ತು.

ಆಮೇಲೆ ಮಕ್ಕಳ ವಿಷಯ ಕೇಳಿದೆ. ಇಬ್ಬರು ಗಂಡು, ದೊಡ್ಡವನಿಗೆ ನಲವತ್ತು ದಾಟಿ ಶುಗರ್ ಶುರುವಾಗಿತ್ತು, ಗೋಕಾಕ ಮಿಲ್ಲಿನ ಕಡೆ ಕೆಲಸ. ಮಾರನೆಯ ವಾರ ಅವನನ್ನು ಕರೆಸಿಕೊಂಡು, ಅವನ ಶುಗರ್ ಫೈಲಿನ ಮೊದಲ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ತಂದೆಗೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಸರಿಯಾಗಿ ನಡೆದಿರುವಾಗಲೇ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದೆ. ಎದೆನೋವೆಂದು ಯಾವ ದವಾಖಾನೆಗೆ ಹೋದರೂ ಡಾಕ್ಟರಿಗೆ ಮೊದಲು ಈ ಹಾಳೆ ತೋರಿಸಬೇಕೆಂದು ಅವನಿಗೂ ಹೇಳಿದೆ, ಅವನ ತಮ್ಮನಿಗೂ ಇನ್ನೊಂದು ಹಾಳೆ ಬರೆದು ಕಳಿಸಿದೆ.